ಎಡಗಡೆಯ ಪಿನ್ ಮುರಿದಿರಲಿಲ್ಲ

ಪಿನ್ ಮುರಿದಿರಲಿಲ್ಲ, ಸದಾನಂದಣ್ಣ. ಮುರಿಯಿತು ಎಂದು ನಾನು ಹೇಳಿದ್ದು ಸುಳ್ಳು. ಅದು ಜಾರದಂತೆ ತಡೆಯುವ ಸ್ಪ್ಲಿಟ್ ಪಿನ್ನನ್ನು ಕಿತ್ತವನು ನಾನು, ಕಿತ್ತು ಜೇಬಿಗೆ ಹಾಕಿಕೊಂಡವನು ನಾನು, ಮತ್ತೆ ಸಿಕ್ಕಿಸಲು ಮರೆತವನೂ ನಾನೇ. ನಿಮ್ಮ ಲೇತಿನ ಕೆಲಸ ಕೈಕೊಟ್ಟದ್ದರಿಂದ ನನ್ನ ದೋಣಿಯ ಕಂಬ ಸಮುದ್ರದ ನಡುವೆ ಬಿತ್ತು ಎಂದು ನೀವು ಇಷ್ಟು ವರ್ಷ ನಂಬಿದ್ದೀರಿ. ನಂಬಲಿ ಎಂದು ಬಿಟ್ಟವನು —

ಆ ವಾಕ್ಯ ಮುಗಿಸಲು ನನಗೆ ಇನ್ನೂ ಕಷ್ಟ. ಬಾಯಲ್ಲಿ ಹೇಳಿದರೆ ಸಾಲದು ಎಂದು ಈಚೆಗೆ ತಿಳಿದುಕೊಂಡೆ. ಅದು ಹೇಗೆ ಎಂದು ಮುಂದೆ ಬರೆಯುತ್ತೇನೆ. ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಯಲ್ಲಿ ಒಂದು ಕಾಲಕ್ಕೆ ನನ್ನ ಸಾಹಸದ ಕಥೆ ಫೋಟೋ ಸಮೇತ ಅಚ್ಚಾಗಿತ್ತು. ಇದೂ ಅದರಲ್ಲೇ ಅಚ್ಚಾಗಲಿ, ಒಂದು ಪ್ರತಿಯನ್ನು ಮೊದಲೇ ನಿಮಗೆ ಕಳಿಸುತ್ತೇನೆ. ಬೇರೆಯವರೂ ಓದುತ್ತಾರಾದ್ದರಿಂದ ನಿಮಗೆ ಗೊತ್ತಿರುವುದನ್ನೂ ಹೇಳಬೇಕಾಗುತ್ತದೆ, ಸ್ವಲ್ಪ ತಡೆದುಕೊಳ್ಳಿ.

ನಾನು ಮೈಸೂರಿನವನು. ಠಾಣೆಯಲ್ಲಿ ಮನೆ, ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ಸಮುದ್ರವನ್ನು ಕಣ್ತುಂಬ ನೋಡಿದ್ದೇ ಕೆಲಸಕ್ಕೆ ಸೇರಿದ ಮೇಲೆ. ಅಂಥವನಿಗೆ ನಲವತ್ತು ದಾಟಿದ ಮೇಲೆ ಹಾಯಿದೋಣಿಯ ಹುಚ್ಚು ಹತ್ತಿತು. ಕೈಯಲ್ಲಿ ಬಟನ್ ಒತ್ತುವ ಮೊಬೈಲು ಹಿಡಿದುಕೊಂಡು ಓಡಾಡುತ್ತಿದ್ದ ಕಾಲ ಅದು. ಹಳೆಯ ದೋಣಿಯೊಂದನ್ನು ಕೊಂಡು ಬೇಲಾಪುರದ ಹತ್ತಿರ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಜೆಟ್ಟಿಯಲ್ಲಿ ಕಟ್ಟಿದೆ. ಅದರ ತುಕ್ಕು ಹಿಡಿದ ಸಾಮಾನುಗಳನ್ನೆಲ್ಲ ಹೊಸದಾಗಿ ಮಾಡಿಕೊಟ್ಟವರು ನೀವು — ಉಡುಪಿ ಕಡೆಯವರು, ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಶೆಡ್ಡು, ಲೋಹ ಕಡೆಯುವ ಒಂದು ಲೇತು. ಸಂಘದ ಯಕ್ಷಗಾನದ ದಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು ದೋಣಿಯ ಸುದ್ದಿ ಕೇಳಿ ಅರ್ಧ ಪ್ರಸಂಗ ಬಿಟ್ಟು ನನ್ನ ಜೊತೆ ಹೊರಗೆ ಬಂದಿರಿ. ನೆನಪಿದೆಯೇ?

ದೋಣಿಯ ಕಂಬ ತಾನಾಗಿ ನಿಲ್ಲುವುದಿಲ್ಲ. ಎಡಕ್ಕೆ, ಬಲಕ್ಕೆ, ಹಿಂದೆ, ಮುಂದೆ ಉಕ್ಕಿನ ತಂತಿಗಳು ಎಳೆದು ಹಿಡಿದಿರುತ್ತವೆ. ಪ್ರತಿ ತಂತಿಯ ಕೆಳತುದಿ ದೋಣಿಯ ಅಂಚಿನ ಪಟ್ಟಿಗೆ ಒಂದು ದಪ್ಪ ಪಿನ್ನಿನಿಂದ ಸೇರಿರುತ್ತದೆ. ಆ ಪಿನ್ ಜಾರಿ ಬೀಳದಂತೆ ಅದರ ತುದಿಯ ತೂತಿನಲ್ಲಿ ಒಂದು ಚಿಕ್ಕ ಸ್ಪ್ಲಿಟ್ ಪಿನ್, ಎರಡು ಕಾಲು ಅಗಲಿಸಿ ನಿಂತಿರುತ್ತದೆ. ದಪ್ಪ ಪಿನ್ನುಗಳನ್ನು ನೀವು ಕಡೆದಿರಿ. ಅವುಗಳ ಒಂದೊಂದು ಹೊಳಪೂ ನಿಮ್ಮ ಕೈಯದು.

ಮಳೆಗಾಲ ಕಳೆದ ಮೇಲೆ ಒಬ್ಬನೇ ಹೊರಟು, ದಡ ಕಾಣದಷ್ಟು ಹೊರಗಿನಿಂದ ಹಾಯಿಸಿಕೊಂಡು, ರಾಜ್ಯೋತ್ಸವದ ಹೊತ್ತಿಗೆ ಮಂಗಳೂರು ಮುಟ್ಟುವುದು ನನ್ನ ಯೋಜನೆ. ಸಂಘದವರಿಗೆ ಸುದ್ದಿ ಸಿಕ್ಕಿದ್ದೇ ತಡ, ಹಳದಿ ಕೆಂಪು ಬಾವುಟ ಬಂತು, ಪೂಜೆ ಗೊತ್ತಾಯಿತು. ಹೊರಡುವ ದಿನ ನೀವು ಎಲ್ಲರಿಗಿಂತ ಮೊದಲು ಜೆಟ್ಟಿಗೆ ಬಂದು ಒಂದೊಂದು ಪಿನ್ನನ್ನೂ ಮುಟ್ಟಿ ನೋಡಿದಿರಿ. "ಕಣ್ಣಲ್ಲಿ ನೋಡಿದ್ರೆ ಸಾಲ್ದು ನಾಗೇಶ್ರೇ, ಕೈಯಲ್ಲಿ ಮುಟ್ಬೇಕು. ಪೂಜೆ ಮುಗ್ದ ಮೇಲೆ ಟೇಪ್ ಸುತ್ತಿ, ಮತ್ತೊಂದ್ಸಲ ಮುಟ್ಟಿ ನೋಡಿ, ಆಮೇಲೆ ಹೊರಡಿ" ಎಂದು ಹೇಳಿ, ಶೆಡ್ಡಿನಲ್ಲಿ ಕೆಲಸ ಬಿದ್ದಿದೆ ಎಂದು ಆರತಿಗೂ ನಿಲ್ಲದೆ ಹೋದಿರಿ. ನೀವು ನಿಂತಿದ್ದರೆ — ಇಲ್ಲ, ಆ ದಾರಿಯಲ್ಲಿ ಹೋಗಬಾರದು. ನಿಲ್ಲದ್ದು ನಿಮ್ಮ ತಪ್ಪಲ್ಲ.

ನೀವು ಹೋದ ಮೇಲೆ ಜನ ಬಂದರು. ಕಲ್ಯಾಣದಿಂದ ನನ್ನ ಸೋದರತ್ತೆ ವಿಮಲತ್ತೆ ಹಸಿರು ಮೈಸೂರು ಸಿಲ್ಕ್ ಉಟ್ಟು ಬಂದಿದ್ದರು. ಆರತಿ ತಟ್ಟೆ ಹಿಡಿದು ದೋಣಿಗೆ ಹತ್ತುವಾಗ ಅವರ ಸೆರಗು ಎಡಗಡೆಯ ಸ್ಪ್ಲಿಟ್ ಪಿನ್ನಿನ ಕಾಲಿಗೆ ಸಿಕ್ಕಿ ಪರ್ ಎಂದಿತು. "ಅಯ್ಯೋ, ನನ್ ಸೀರೆ!" ಹಿಂದೆ ಇನ್ನೂ ನಾಲ್ಕಾರು ಹೆಂಗಸರು ಹತ್ತುವವರಿದ್ದರು, ಎಲ್ಲರದೂ ರೇಷ್ಮೆ. ನಾನು ಇಕ್ಕಳ ತಂದು ಆ ಕಾಲುಗಳನ್ನು ನೆಟ್ಟಗೆ ಮಾಡಿ, ಸ್ಪ್ಲಿಟ್ ಪಿನ್ ಎಳೆದು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಎಲ್ಲರೂ ಇಳಿದ ಮೇಲೆ ಹಾಕಿದರಾಯಿತು ಎಂದುಕೊಂಡೆ. ಯಾರೋ ಚೆಂಡುಹೂವಿನ ಹಾರವನ್ನು ಅದೇ ಜಾಗಕ್ಕೆ ಸುತ್ತಿ ಕಟ್ಟಿದರು. ಕಾಯಿ ಒಡೆದದ್ದಾಯಿತು, ಫೋಟೋ ಆಯಿತು, ಅಧ್ಯಕ್ಷರ ಭಾಷಣ ನಮ್ಮ ಸಂಘದ ಪದ್ಧತಿಯಂತೆ ಮುಗಿಯಲೇ ಇಲ್ಲ. ಅಷ್ಟರಲ್ಲಿ ಉಬ್ಬರ ಇಳಿಯತೊಡಗಿತ್ತು. ತಡವಾದರೆ ಖಾಡಿಯ ಕೆಸರಿನಲ್ಲಿ ದೋಣಿ ಕೂತುಬಿಡುತ್ತದೆ. ಹಗ್ಗ ಬಿಚ್ಚಿದೆ, ಕೈ ಬೀಸಿದೆ, ಹೊರಟೆ.

ನೀವು ಹೇಳಿದಂತೆ ಟೇಪ್ ಸುತ್ತಿದೆ — ಬಲಗಡೆ, ಹಿಂದೆ, ಮುಂದೆ. ಎಡಗಡೆ ಹಾರ ಇತ್ತು. ಪೂಜೆಯ ಹಾರವನ್ನು ಹೊರಟ ದಿನವೇ ಕಿತ್ತು ನೀರಿಗೆಸೆಯಲು ಮನಸ್ಸಾಗಲಿಲ್ಲ. ಒಣಗಿದ ಮೇಲೆ ನೋಡೋಣ ಎಂದು ಬಿಟ್ಟೆ. ಅದರ ಕೆಳಗೆ ಕೈ ಹಾಕಿ ಮುಟ್ಟಿ ನೋಡಲಿಲ್ಲ. ಜೇಬಿನಲ್ಲಿ ಏನಿದೆ ಎಂಬುದು ನೆನಪಿನಲ್ಲೇ ಇರಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇಲ್ಲ, ಸದಾನಂದಣ್ಣ.

ನಮ್ಮ ಕರಾವಳಿಯ ಗಾಳಿ ನಿಮಗೆ ಗೊತ್ತು. ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ಬೀಸುತ್ತದೆ, ದಕ್ಷಿಣಕ್ಕೆ ಹೋಗುವವನಿಗೆ ಬಲದಿಂದ. ಆಗ ಬಲದ ತಂತಿ ಬಿಗಿ, ಎಡದ್ದು ಸಡಿಲ. ಸಡಿಲ ತಂತಿ ಅಲುಗುತ್ತಾ ಅಲುಗುತ್ತಾ, ತಡೆಯಿಲ್ಲದ ಪಿನ್ನನ್ನು ಸ್ವಲ್ಪ ಸ್ವಲ್ಪವೇ ಹೊರಗೆ ತಳ್ಳಿರಬೇಕು. ರತ್ನಾಗಿರಿಯನ್ನು ಹಿಂದೆ ಹಾಕಿದ ಮರುದಿನ ಬೆಳಿಗ್ಗೆ ನೆಲದ ಕಡೆಯ ಗಾಳಿ ಎಡದಿಂದ ಎದ್ದಿತು. ಭಾರವೆಲ್ಲ ಎಡದ ತಂತಿಗೆ ಬಂತು. ನಾನು ಅವಲಕ್ಕಿ ಕಲಸುತ್ತಿದ್ದೆ. ಒಂದು ಸದ್ದು — ದೊಡ್ಡದೇನಲ್ಲ, ಮಂಚದ ಪಟ್ಟಿ ಬಿಟ್ಟಂತೆ — ಆಮೇಲೆ ತಲೆಯ ಮೇಲೆ ಬರೀ ಆಕಾಶ. ಕಂಬ, ಹಾಯಿ, ಬಾವುಟ ಎಲ್ಲ ಬಲಗಡೆ ನೀರಿನಲ್ಲಿ.

ಇಲ್ಲಿಂದ ಮುಂದಿನದನ್ನು ಸಂಘದವರೆಲ್ಲ ನನ್ನ ಭಾಷಣದಲ್ಲಿ ಕೇಳಿದ್ದಾರೆ. ಗಾಬರಿಯಾಗದೆ ಹೇಗೆ ಕೂತೆ, ಒಂದು ಲೋಟ ನೀರು ಕುಡಿದೆ, ಉಸಿರು ಹದಕ್ಕೆ ತಂದುಕೊಂಡೆ, ಮುರಿದ ಕಂಬ ಅಲೆಗೆ ಗುದ್ದಿ ದೋಣಿಯ ಹೊಟ್ಟೆ ಒಡೆಯುವ ಮೊದಲು ತಂತಿಗಳನ್ನು ಒಂದೊಂದಾಗಿ ಕತ್ತರಿಸಿ ಕಳಿಸಿಬಿಟ್ಟೆ. "ಕಂಬ ಮುರಿದರೂ ಮನಸ್ಸು ಮುರಿಯದಿರಲಿ" ಎಂದು ಆ ಭಾಷಣಕ್ಕೆ ಹೆಸರು. ಐರೋಲಿಯ ಆಫೀಸುಗಳಲ್ಲಿ, ಠಾಣೆಯ ಶಾಲೆಗಳಲ್ಲಿ ಎಷ್ಟು ಸಲ ಹೇಳಿದೆನೋ. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಕೂತದ್ದು ನಿಜ, ನೀರು ಕುಡಿದದ್ದೂ ನಿಜ. ಆದರೆ ಕೂತಾಗ ತೊಡೆಗೆ ಏನೋ ಚುಚ್ಚಿತು. ಜೇಬಿಗೆ ಕೈ ಹಾಕಿದೆ. ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದೆ. ಆಗ ಬಂದ ಮೌನವನ್ನೇ ಜನ ಶಾಂತಿ ಎಂದು ಕರೆದರು. ಸಾಯುತ್ತೇನೆ ಎಂದು ನಾನು ಹೆದರಲಿಲ್ಲ, ಏಕೆಂದರೆ ಸಾಯುವುದನ್ನು ಯೋಚಿಸಲಿಲ್ಲ. ಊರಿಗೆ ಹೋಗಿ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಬಾವುಟ ಕಟ್ಟಿ ಕಳಿಸಿದವರೆಲ್ಲ ನಗುತ್ತಾರೆ, ಪಿನ್ ಹಾಕಲು ಮರೆತು ಸಮುದ್ರಕ್ಕೆ ಹೋದ ಮೈಸೂರಿನವನು ಎಂದು — ಕಂಬ ಗುದ್ದುತ್ತಿದ್ದಾಗ ನನ್ನ ತಲೆಯಲ್ಲಿ ಇದ್ದದ್ದು ಇದು. ಹೇಳಲು ನಾಚಿಕೆಯಾಗುತ್ತದೆ. ಆ ಸ್ಪ್ಲಿಟ್ ಪಿನ್ನನ್ನು ನೀರಿಗೆ ಎಸೆದೆ. ಆಮೇಲೆ ತಂತಿ ಕತ್ತರಿಸಲು ಎದ್ದೆ.

ಮಾಲವಣದ ಕಡೆಯ ಮೀನುಗಾರರ ಟ್ರಾಲರ್ ಒಂದು ನನ್ನನ್ನು ಎಳೆದುಕೊಂಡು ಹೋಯಿತು. ಏನಾಯಿತು, "ಕಾಯ್ ಝಾಲಂ?" ಎಂದು ಕೇಳಿದರು. "ಪಿನ್ ತುಟ್ಲೀ" ಎಂದೆ. ಮುರಿಯಿತು ಎಂಬ ಸುಳ್ಳು ಮೊದಲು ಬಾಯಿಗೆ ಬಂದದ್ದು ಹೀಗೆ ಮರಾಠಿಯಲ್ಲಿ, ಗುರುತಿಲ್ಲದವರ ಎದುರಿಗೆ, ಏನೂ ಭಾರ ಅನ್ನಿಸಲಿಲ್ಲ. ದಡಕ್ಕೆ ಬಂದು ಮನೆಗೆ ಫೋನು ಮಾಡಿದಾಗ ನನ್ನ ಹೆಂಡತಿ ಗೀತಾ ಅಳುತ್ತಿದ್ದಳು. ನೀವು ಅಲ್ಲೇ ಇದ್ದಿರಿ. ನನ್ನ ಸುದ್ದಿಯಿಲ್ಲವೆಂದು ಶೆಡ್ಡು ಮುಚ್ಚಿ ನನ್ನ ಮನೆಗೆ ಬಂದು ಕೂತಿದ್ದಿರಿ. ಫೋನು ಇಸಿದುಕೊಂಡು ಕೇಳಿದಿರಿ:

"ಎಂತಾಯ್ತು ಮಾರಾಯ್ರೆ?"

"ಪಿನ್ ಮುರೀತು, ಸದಾನಂದಣ್ಣ."

"ಯಾವ ಕಡೇದು?"

"ಎಡಗಡೇದು."

ಅಷ್ಟೇ. ಬೇರೆ ಏನೂ ಹೇಳಬೇಕಾಗಲೇ ಇಲ್ಲ. ಸ್ಪ್ಲಿಟ್ ಪಿನ್ನುಗಳನ್ನು ಹೊರಟ ದಿನ ಬೆಳಿಗ್ಗೆ ನೀವೇ ಮುಟ್ಟಿ ನೋಡಿದ್ದಿರಿ. ಅವು ಇದ್ದವು ಎಂದ ಮೇಲೆ ಮುರಿದದ್ದು ನಿಮ್ಮ ಸ್ಟೀಲೇ ಎಂದು ನಿಮಗೆ ನೀವೇ ತೀರ್ಪು ಕೊಟ್ಟುಕೊಂಡಿರಿ. ನಾನು ಮನೆಗೆ ಬಂದ ದಿನ ಹಣ್ಣು ಹೂವು ಹಿಡಿದು ಬಂದು ಗೀತಾಳ ಮುಂದೆ ಕೈ ಮುಗಿದು ನಿಂತಿರಿ. "ನನ್ನ ಕೈಯಿಂದ ನಿಮ್ಮ ಕುಂಕುಮ ಹೋಗ್ತಿತ್ತಮ್ಮ" ಎಂದಿರಿ. ನಾನು ಒಳಗಿನ ಕೋಣೆಯಲ್ಲಿದ್ದೆ. ಕೇಳಿಸಿತು. ಹೊರಗೆ ಬರಲಿಲ್ಲ.

ಪೇಪರಿನಲ್ಲಿ ನನ್ನ ಮಾತು ಬಂತು — ಸ್ಥಳೀಯ ಬಿಡಿಭಾಗ ಕೈಕೊಟ್ಟಿತು ಎಂದು. ನಿಮ್ಮ ಹೆಸರು ಹೇಳಿರಲಿಲ್ಲ ಎಂದು ಒಂದಷ್ಟು ವರ್ಷ ನನ್ನನ್ನು ನಾನೇ ಹೊಗಳಿಕೊಂಡಿದ್ದೆ. ಆದರೆ ದೋಣಿಯ ಸಾಮಾನು ಮಾಡುವವರು ಇಲ್ಲಿ ಎಷ್ಟು ಜನ? ದೋಣಿ ಕಟ್ಟುವ ಕಾರ್ಖಾನೆಯೊಂದು ನಿಮಗೆ ಕೆಲಸ ಕೊಡಲು ಬಂದಿತ್ತಲ್ಲ, ಅವರು ಮತ್ತೆ ಬರಲಿಲ್ಲ. ಅವರು ಬಂದಿದ್ದರೂ ನೀವು ಒಪ್ಪುತ್ತಿರಲಿಲ್ಲವೋ ಏನೋ. ಇಲ್ಲಿನ ಉಡುಪಿ ಹೋಟೆಲುಗಳಿಗೆ ಇಡ್ಲಿ ಸ್ಟ್ಯಾಂಡು, ಪಾತ್ರೆ ಇಡುವ ರ‍್ಯಾಕು ಮಾಡಲು ಶುರುಮಾಡಿದಿರಿ. ಯಾಕೆ ಎಂದು ಸಂಘದಲ್ಲಿ ಯಾರೋ ಕೇಳಿದಾಗ ನಕ್ಕಿರಿ: "ಇಡ್ಲಿ ಸ್ಟ್ಯಾಂಡ್ ಮುರಿದ್ರೆ ಯಾರೂ ಸಾಯುದಿಲ್ಲ ಅಲ್ವಾ." ಎಲ್ಲರೂ ನಕ್ಕರು. ನಾನೂ ನಕ್ಕೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಾದರೂ ನನಗಿಂತ ವಾಸಿ, ಅವನಿಗೆ ಮುಟ್ಟಿ ನೋಡಿಕೊಳ್ಳುವಷ್ಟು ಅಳುಕಾದರೂ ಇತ್ತು.

ನನ್ನ ಭಾಷಣದ ದಿನ ನೀವು ಕೊನೆಯ ಸಾಲಿನಲ್ಲಿ ಕೂರುತ್ತಿದ್ದಿರಿ. ಕಂಬ ಬೀಳುವ ಭಾಗ ಬರುವ ಮೊದಲು ಎದ್ದು ಹೊರಗೆ ಹೋಗುತ್ತಿದ್ದಿರಿ. ನಾನು ವೇದಿಕೆಯಿಂದ ನೋಡುತ್ತಿದ್ದೆ. ಮಾತು ನಿಲ್ಲಿಸಲಿಲ್ಲ.

ಕಳೆದ ತಿಂಗಳು ಠಾಕುರ್ಲಿಯ ನಿಮ್ಮ ಮನೆಗೆ ಬಂದದ್ದು ನೀವು ಸಂಘಕ್ಕೆ ಬರುವುದು ನಿಂತಿದೆ ಎಂದು ಕೇಳಿ. ಶೆಡ್ಡು ಮಾರಿಯಾಗಿತ್ತು. ಬಾಗಿಲು ತೆರೆದ ನಿಮ್ಮ ಮಗಳು ಮೆಲ್ಲಗೆ ಹೇಳಿದಳು: "ಅಂಕಲ್, ಪಪ್ಪಾ ಅಭೀ ಭೀ ವೋ ಪಿನ್ ಲೇಕೆ ಬೈಠತೇ ಹೈಂ." ನೀವು ಈಗಲೂ ಹಿಡಿದು ಕೂರುವುದು ನನ್ನ ದೋಣಿಯಲ್ಲಿ ಉಳಿದುಬಂದ ಬಲಗಡೆಯ ಪಿನ್. ನೀವು ಕೇಳಿ ತೆಗೆದುಕೊಂಡು ಹೋಗಿದ್ದಿರಿ. ಅದನ್ನು ಇಷ್ಟು ವರ್ಷ ಭೂತಗನ್ನಡಿಯಲ್ಲಿ ನೋಡುತ್ತಿದ್ದಿರಂತೆ. ಅದನ್ನು ನನ್ನ ಮುಂದೆ ಹಿಡಿದು ಹೇಳಿದಿರಿ: "ಎರಡೂ ಒಂದೇ ರಾಡಿಂದ ಕಡ್ದದ್ದು. ಇದ್ರಲ್ಲಿ ಒಂದು ಗೆರೆ ಸಹ ಇಲ್ಲ. ಸಾಯುವ ಮೊದ್ಲು ನಂಗೊಂದು ಗೊತ್ತಾಗ್ಬೇಕು ನಾಗೇಶ್ರೇ, ಆ ಸ್ಟೀಲಲ್ಲಿ ಎಂತ ದೋಷ ಇತ್ತು ಅಂತ."

ಆಗ ಹೇಳಿದೆ. ಎಲ್ಲ ಹೇಳಿದೆ — ಸೀರೆ, ಇಕ್ಕಳ, ಜೇಬು. ನೀವು ನನ್ನ ಮುಖವನ್ನೇ ನೋಡುತ್ತಿದ್ದಿರಿ. ಆಮೇಲೆ ನಕ್ಕು ನನ್ನ ಕೈ ಹಿಡಿದುಕೊಂಡಿರಿ.

"ನಂಗೆ ಸಮಾಧಾನ ಆಗ್ಲಿ ಅಂತ ಹೇಳ್ತಿದ್ದೀರಿ ನೀವು. ದೊಡ್ಡ ಮನಸ್ಸು ನಿಮ್ದು. ಆದ್ರೆ ಅವತ್ತು ಬೆಳಿಗ್ಗೆ ನಾನೇ ಮುಟ್ಟಿ ನೋಡಿದ್ದೇನೆ ಮಾರಾಯ್ರೆ."

ಮಗಳಿಗೆ ಚಾ ತರಲು ಹೇಳಿದಿರಿ. ಎರಡನೆಯ ತಪ್ಪು ಇಲ್ಲಿದೆ, ಅದನ್ನೂ ಬರೆದುಬಿಡುತ್ತೇನೆ. ನೀವು ನಂಬಲಿಲ್ಲ ಎಂದು ನನಗೆ ಒಳಗೊಳಗೆ ಹಗುರವಾಯಿತು. ಹೇಳಬೇಕಾದ್ದು ಹೇಳಿದೆ, ಇನ್ನು ನನ್ನ ಜವಾಬ್ದಾರಿ ಮುಗಿಯಿತು ಎನಿಸಿತು. ಚಾ ಕುಡಿದೆ. ಲೋಕಲ್ ಹಿಡಿದು ಮನೆಗೆ ಬಂದೆ. ಸುಳ್ಳನ್ನು ಒಂದೇ ಸಲಕ್ಕೆ ನಂಬಿದ ಮನುಷ್ಯ ನಿಜವನ್ನು ನಂಬುವುದಿಲ್ಲ, ಯಾಕೆಂದರೆ ನನ್ನನ್ನು ಒಳ್ಳೆಯವನೆಂದು ತಿಳಿದಿದ್ದಾನೆ. ಇದು ಹೊಳೆದಾಗ ರಾತ್ರಿಯ ಊಟದ ತಟ್ಟೆ ಸರಿಸಿ ಎದ್ದೆ.

ನನ್ನ ಬಳಿ ಸಾಕ್ಷಿಯಿಲ್ಲ, ಅದನ್ನು ನಾನೇ ನೀರಿಗೆಸೆದಿದ್ದೇನೆ. ಆಗ ವಿಮಲತ್ತೆ ನೆನಪಾದರು. ಕಲ್ಯಾಣಕ್ಕೆ ಹೋದೆ. ವಯಸ್ಸಾಗಿದೆ, ಕಿವಿ ಮಂದ, ನೆನಪು ಮಾತ್ರ ಗಟ್ಟಿ. ದೋಣಿಯ ಪೂಜೆ ನೆನಪಿದೆಯಾ ಅತ್ತೆ ಎಂದು ಕೇಳಿದ್ದಷ್ಟೇ.

"ನೆನಪಿಲ್ದೆ ಏನೋ! ನನ್ ಹಸಿರು ಸೀರೆ ಹರಿದು ಹಾಳು ಮಾಡ್ತಲ್ಲ ಆ ಮುಳ್ಳು. ನೀನೇ ತಾನೆ ಕಿತ್ತು ಜೇಬಿಗೆ ಹಾಕ್ಕೊಂಡಿದ್ದು?" ಎಂದವರು ಹಿಂದೆಯೇ ಕೇಳಿದರು: "ಆಮೇಲೆ ವಾಪಸ್ ಹಾಕಿದ್ಯೇನೋ?"

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಇಲ್ಲ ಎಂದೆ. ಎಲ್ಲ ಹೇಳಿದೆ. ಅತ್ತೆ ಎದ್ದು ಹೋಗಿ ಬೀರುವಿನಿಂದ ಆ ಸೀರೆ ತಂದರು. ಸೆರಗಿನ ಹತ್ತಿರ ಸಣ್ಣ ಹೊಲಿಗೆಯ ಗುರುತು. ಅದರ ಮೇಲೆ ಬೆರಳಾಡಿಸುತ್ತಾ ಅಳತೊಡಗಿದರು. "ನನ್ ಸೀರೆ ದೆಸೆಯಿಂದ ಆಯ್ತಲ್ಲೋ ಇಷ್ಟೆಲ್ಲ. ನಾನು ಆ ಸೀರೆ ಉಟ್ಕೊಂಡ್ ಬರ್ಬಾರ್ದಾಗಿತ್ತು."

ಒಬ್ಬರಾಯಿತು, ಈಗ ಇನ್ನೊಬ್ಬರು. ನನ್ನ ತಪ್ಪು ಯಾವ ಒಳ್ಳೆಯವರ ಹತ್ತಿರ ಹೋದರೂ ಅವರು ಅದನ್ನು ತಮ್ಮದೆಂದು ಎತ್ತಿಕೊಂಡುಬಿಡುತ್ತಾರೆ. ಈ ಸಲ ನಾನು ಒಳಗಿನ ಕೋಣೆಯಲ್ಲಿ ಕೂರಲಿಲ್ಲ. "ಇಲ್ಲ ಅತ್ತೆ," ಎಂದೆ, "ಸೀರೆ ನಿಮ್ಮದು. ಜೇಬು ನನ್ನದು."

ಭಾನುವಾರ ಅತ್ತೆಯನ್ನು ಕರೆದುಕೊಂಡು ಠಾಕುರ್ಲಿಗೆ ಬರುತ್ತೇನೆ. ಸೀರೆಯನ್ನೂ ತರುತ್ತಾರಂತೆ. ನಾನು ಹೇಳುವುದನ್ನು ನಂಬಬೇಡಿ, ಅವರು ಹೇಳುವುದನ್ನು ಕೇಳಿ. ನನ್ನನ್ನು ಬೈಯಬೇಕೆನಿಸಿದರೆ ಬೈಯಿರಿ, ಬಾಗಿಲು ಹಾಕಬೇಕೆನಿಸಿದರೆ ಹಾಕಿ. ಕ್ಷಮಿಸಿ ಎಂದು ಕೇಳುವುದಿಲ್ಲ. ನೀವು ತಕ್ಷಣ ಕ್ಷಮಿಸಿಬಿಡುತ್ತೀರಿ, ನನಗೆ ಗೊತ್ತು. ಬಲಗಡೆಯ ಆ ಪಿನ್ನನ್ನು ಇನ್ನು ಭೂತಗನ್ನಡಿಯಲ್ಲಿ ನೋಡಬೇಡಿ, ಅದೊಂದೇ ಕೇಳಿಕೊಳ್ಳುವುದು.

ನಿಮ್ಮ ಸ್ಟೀಲಿನಲ್ಲಿ ದೋಷ ಇರಲಿಲ್ಲ, ಸದಾನಂದಣ್ಣ.