ಹಾಕದ ಗಂಧಕ

ದೆವ್ವ, ಮಾಟ, ಮಂತ್ರ ಎಂದು ಬಂದವರನ್ನು ಮುಖದೆದುರೇ ನಕ್ಕು ಕಳಿಸಿದವಳು ನಾನು. ಈಗಲೂ ನಗುತ್ತೇನೆ. ಆದ್ದರಿಂದ ಇದನ್ನು ಓದಿ ನನ್ನನ್ನು ಆ ಸಾಲಿಗೆ ಸೇರಿಸುವ ಉತ್ಸಾಹ ಯಾರಿಗೂ ಬೇಡ. ಆದದ್ದನ್ನು ಆದಂತೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೆಲವು ವರ್ಷಗಳ ಹಿಂದಿನ ಮಾತು. ರಾಯಚೂರಿನಲ್ಲಿ ನನ್ನ ಪಿಎಚ್.ಡಿ. ಕೆಲಸ ಕಾರ್ಬಮೇಟ್ ಮತ್ತು ಥಯೋಕಾರ್ಬಮೇಟ್‌ಗಳ ತಯಾರಿಕೆಯದು. ನಮ್ಮ ಮಾನ್ವಿಯ ಭತ್ತದ ಗದ್ದೆಗಳಲ್ಲಿ ಕಳೆ ಸಾಯಲಿ ಎಂದು ಹೊಡೆಯುವ ಔಷಧಗಳಲ್ಲಿ ಕೆಲವು ಇದೇ ಕುಲದವು. ಹಳೆಯ ದಾರಿಯಲ್ಲಿ ಇವನ್ನು ಮಾಡಲು ಫಾಸ್ಜೀನ್ ಎಂಬ ವಿಷಾನಿಲ ಬೇಕು. ಅದಿಲ್ಲದೆ ಮಾಡಬೇಕೆಂಬುದು ನನ್ನ ಹಟ. ಒಂದು ಮಾತು ನೆನಪಿಟ್ಟುಕೊಂಡರೆ ಸಾಕು: ಕಾರ್ಬಮೇಟಿನಲ್ಲಿ ಆಮ್ಲಜನಕ ಇರುವ ಕಡೆ ಗಂಧಕ ಬಂದು ಕೂತರೆ ಅದು ಥಯೋಕಾರ್ಬಮೇಟ್. ಗಂಧಕ ಹಾಕದೆ ಅದು ಬರುವುದಿಲ್ಲ.

ನಮ್ಮ ಲ್ಯಾಬಿನಲ್ಲಿ ಕರೆಂಟು ಯಾವಾಗ ಕೈಕೊಡುತ್ತದೋ ಹೇಳಲಾಗದು, ತಕ್ಕಡಿಯೋ ಕರೆಂಟಿನದು. ಹಾಗಾಗಿ ಬೆಳಿಗ್ಗೆಯೇ ಎಲ್ಲವನ್ನೂ ತೂಗಿ, ಕಿರಾಣಿ ಅಂಗಡಿಯವರ ಹಾಗೆ ಕಾಗದದ ಪೊಟ್ಟಣ ಕಟ್ಟಿ ಏಪ್ರನ್ನಿನ ಕಿಸೆಗೆ ಹಾಕಿಕೊಳ್ಳುವುದು ರೂಢಿ. ಬೇರೆ ಊರಿನವರು ನಗುವುದಾದರೆ ನಗಲಿ. ಅವತ್ತೂ ಹಾಗೇ ಮಾಡಿ, ಹೊಸ ಫ್ಲಾಸ್ಕಿನಲ್ಲಿ ಪ್ರಬಂಧದ ಕೊನೆಯ ಪ್ರಯೋಗ ಹಚ್ಚಿದೆ. ಬಿಳಿ ಹರಳು ಬಂತು. ಪರೀಕ್ಷೆಯಲ್ಲಿ ಥಯೋಕಾರ್ಬಮೇಟ್ ಎಂದೇ ಖಚಿತವಾಯಿತು. ಗೈಡ್ ಸರ್ ಪೇಡೆ ತರಿಸಿದರು.

ಆ ಭಾನುವಾರ ಮಾನ್ವಿಯ ಮನೆಯಲ್ಲಿ ಅವ್ವ ನನ್ನ ಏಪ್ರನ್ ನೆನೆಹಾಕುತ್ತಿದ್ದಳು.

"ಯವ್ವಾ, ಕಿಸೇದಾಗ ಇದೇನ್ ಹಳದಿ ಪುಡಿ ಬೇ? ನೀರಾಗ ಕರಗವಲ್ದು!"

ಹೋಗಿ ನೋಡಿದೆ. ಗಂಧಕ. ಅವ್ವ ಬಿಚ್ಚುವ ತನಕ ಪೊಟ್ಟಣದ ಮಡಿಕೆಯೂ ಮುರಿದಿರಲಿಲ್ಲವಂತೆ. ಕಾಗದದ ಮೇಲೆ ಅದೇ ಪ್ರಯೋಗದ ಗುರುತು, ನನ್ನದೇ ಅಕ್ಷರದಲ್ಲಿ. ಫ್ಲಾಸ್ಕಿಗೆ ಹಾಕಿದೆನೆಂದುಕೊಂಡಿದ್ದ ಗಂಧಕ ಕಿಸೆಯಲ್ಲೇ ಉಳಿದಿತ್ತು.

ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವಳು ದೇವದುರ್ಗದ ಹುಲಿಗೆಮ್ಮ ಒಬ್ಬಳೇ. ಅವಳೇನಾದರೂ ಹಾಕಿದಳೋ ಎಂದು ಫೋನ್ ಮಾಡಿದೆ.

"ನಾ ಅವತ್ತ ನಮ್ಮೂರಾಗ ಇದ್ನಲ್ಲಬೇ. ಕೀಲಿ ನಿನ್ನ ಕಡೇನ ಇತ್ತು" ಎಂದಳು. ನಿಜವೇ.

ಆಮೇಲೆ ಗಂಧಕ ಹಾಕದೆ ಎಷ್ಟೋ ಸಲ ಮಾಡಿ ನೋಡಿದೆ, ಬರಲಿಲ್ಲ. ಹಾಕಿದರೆ ಮಾತ್ರ ಬಂತು. ಒಂದೊಂದು ಬಾಟಲಿಯನ್ನೂ ಪರೀಕ್ಷಿಸಿದೆ, ಯಾವುದರಲ್ಲೂ ಗಂಧಕದ ಸುಳಿವಿರಲಿಲ್ಲ.

"ಹಾಕೀನಿ ಅಂತ ಬರೀರಿ, ಮುಗೀತು. ಯಾರ್ ಬಂದ್ ನೋಡ್ಯಾರ?" ಎಂದರು ಸರ್.

"ಹಾಕಿಲ್ಲರೀ ಸರ್."

"ಹಂಗಾರ ಆ ಪ್ರಯೋಗಾನ ತಗದುಬಿಡ್ರಿ. ಪದವಿ ಬೇಕೋ ಬ್ಯಾಡೋ?"

ಪದವಿ ಬೇಕಿತ್ತು. ಅದಿಲ್ಲದೆ ಕಾಲೇಜಿನಲ್ಲಿ ಕಾಯಂ ಕೆಲಸ ಸಿಗುವಂತಿರಲಿಲ್ಲ. ಸಿಟ್ಟೂ ಬಂತು, ಅಳುವೂ ಬಂತು. ಆದರೆ ಕಣ್ಣಾರೆ ಕಂಡದ್ದನ್ನು ಕಂಡಿಲ್ಲ ಎನ್ನುವುದಕ್ಕೇ ಇಷ್ಟು ವರ್ಷ ವಿಜ್ಞಾನ ಓದಿದೆನೇ? 'ಗಂಧಕ ಹಾಕಿರಲಿಲ್ಲ. ಆದರೂ ಬಂತು. ಕಾರಣ ಗೊತ್ತಿಲ್ಲ' ಎಂದೇ ಪ್ರಬಂಧದಲ್ಲಿ ಬರೆದೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪ್ರಾಧ್ಯಾಪಕರು, "ಹಾಗಾದರೆ ಭೂತ ಬಂದು ಹಾಕಿತೇನಮ್ಮಾ?" ಎಂದು ನಕ್ಕರು.

"ಯಾರ್ ಹಾಕ್ಯಾರೋ ಗೊತ್ತಿಲ್ಲರೀ. ನಾನಂತೂ ಹಾಕಿಲ್ಲ" ಎಂದೆ. ಆ ಮೂರು ವಾಕ್ಯ ತೆಗೆದು ತರಲು ಹೇಳಿ ಪ್ರಬಂಧವನ್ನು ವಾಪಸು ಕೊಟ್ಟರು.

ಗಂಧಕ ಎಲ್ಲಿಂದ ಬಂತೋ ಇವತ್ತಿಗೂ ನನಗೆ ತಿಳಿಯದು. ತಾತ್ಕಾಲಿಕ ಕೆಲಸದಲ್ಲೇ ಇದ್ದೇನೆ. ಪ್ರಬಂಧ ಆಮೇಲೆ ಇನ್ನೊಂದು ಸಲವೂ ತಿರುಗಿ ಬಂತು. ಮೊನ್ನೆ ಮತ್ತೆ ಕಳಿಸಿದ್ದೇನೆ. ಮೂರೂ ವಾಕ್ಯ ಇದ್ದಲ್ಲೇ ಇವೆ.