ಕಾರ್ಡಿನಲ್ಲಿದ್ದ ಹೆಂಡತಿ

ಹಾಸನದ ಆಸ್ಪತ್ರೆಯೊಂದರ ವಿಮೆ ಕೌಂಟರಿನಲ್ಲಿ ಹೆಚ್ಚು ಮಾತು ಬೇಕಾಗುವುದಿಲ್ಲ. ನನಗದು ಹಿಡಿಸಿದೆ. ಎದೆಯ ಆಪರೇಷನ್ನಿಗೆ ಬಂದ ಬಾಗೂರಿನ ಹೆಂಗಸನ್ನು ಕೇಳಿದ್ದು ಒಂದೇ: "ಯಜಮಾನರು ಬಂದಿಲ್ವಾ?"

"ಡೈವರ್ಸ್ ಆಗೋಯ್ತು ಸಾ. ಇನ್ಸೂರೆನ್ಸಿಂದ ಎಸ್ರು ತೆಗ್ಯಕಿಲ್ಲ ಅಂತ ಮಾತು ಕೊಟ್ಟಿದ್ರು. ಉಳುಸ್ಕಂಡವ್ರೆ."

ಆಕೆ ಕೊಟ್ಟ ಗಂಡನ ವಿಮೆ ಕಾರ್ಡಿನಲ್ಲಿ ಪತ್ನಿ ಎಂದು ಆಕೆಯ ಹೆಸರೇ ಇತ್ತು. ಆಕೆ ಸುಮ್ಮನಿದ್ದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ವಿಚ್ಛೇದನವಾದ ಮೇಲೆ ಈ ಕಾರ್ಡು ನಡೆಯುವುದಿಲ್ಲವೆಂದು ಹೇಳಬೇಕಾಯಿತು.

ಫ್ಲಾಸ್ಕ್ ಹಿಡಿದು ಪಕ್ಕದಲ್ಲಿದ್ದ ಕಿರಿಯವಳು ಮುಂದೆ ಬಂದಳು. "ಈಗ್ಲ ಎಂಡ್ತಿ ನಾನೇ ಸಾ. ನನ್ನೆಸ್ರು ಬ್ಯಾಡ, ಅವರ್ದೇ ಇರ್ಲಿ ಅಂತ ನಾನೇ ಅಂದಿದ್ದೆ. ನಂಗೇನಾಗದೆ? ಗುಂಡುಕಲ್ಲಿದ್ದಂಗಿವ್ನಿ."

"ಇವರು ಈಗ ನಿಮ್ಮ ಯಜಮಾನರಿಗೆ ಏನೂ ಆಗಲ್ಲಮ್ಮ."

"ನಂಗೆ ಅಕ್ಕ ಆಯ್ತಾರೆ. ಅಂಗೇ ಬರ್ಕಳಿ."

ಹಿರಿಯವಳು ಅವಳ ಸೆರಗು ಜಗ್ಗಿದಳು. "ಬಾರೇ, ಅವ್ರನ್ಯಾಕೆ ಗೋಳುಯ್ಕತೀಯ? ಆಪ್ರೇಸನ್ ಆಮ್ಯಾಕೆ ನೋಡಾನ."

"ಆಮ್ಯಾಕೆ ಅಂದ್ರೆ ಯಾವಾಗಕ್ಕ?"

ಹಿರಿಯವಳು ಕಾರ್ಡು ತೆಗೆದುಕೊಂಡು ತಿರುಗಿದಳು. ಕಿರಿಯವಳು ಆಕೆಯ ತೋಳು ಹಿಡಿದು ಮೆಟ್ಟಿಲಿಳಿಸಿದಳು.

ಅರ್ಜಿ ತಿರಸ್ಕರಿಸಲು ಕಂಪ್ಯೂಟರ್ ಕಾರಣ ಕೇಳಿತು. ಅದೇ ಮುಂದಿಟ್ಟ ಕಾರಣಗಳಲ್ಲಿ ಇವರಿಗೆ ಹೊಂದುವುದು ಒಂದೇ ಇತ್ತು: 'ಸಂಬಂಧವಿಲ್ಲ'. ಕೆಳಗೆ ಮೆಟ್ಟಿಲ ಮೇಲೆ ಇನ್ನೂ ಕಾಣುತ್ತಿದ್ದ ಆ ಇಬ್ಬರನ್ನು ನೋಡುತ್ತ ಅದನ್ನೇ ಒತ್ತಿದೆ.