ಅಮ್ಮನ ಲಟ್ಟಣಿಗೆ ಮತ್ತು ಬೇಸ್‌ಬಾಲ್

ನಮ್ಮ ಮನೆಯ ಚಪಾತಿಗಳ ಮೇಲೆ ಈಚೆಗೆ ಒಂದು ಗೀರು ಮೂಡುತ್ತದೆ ಸ್ವಾಮಿ. ಲಟ್ಟಣಿಗೆ ಸೀಳು ಬಿಟ್ಟಿದೆ. ಇವತ್ತು ಬೆಳಿಗ್ಗೆಯೂ ನನ್ನ ತಟ್ಟೆಗೆ ಗೀರಿನ ಚಪಾತಿಯೇ ಬಿತ್ತು. ಹೊಸದು ತರುತ್ತೇನೆಂದರೆ ಅಮ್ಮ, "ಇದನ್ನ ಎಸೆದ್ರೆ ನೋಡು ಮತ್ತೆ" ಎನ್ನುತ್ತಾರೆ. ಇದಕ್ಕೆಲ್ಲ ಕಾರಣ ಬೇಸ್‌ಬಾಲ್ ಎಂದರೆ ನೀವು ನಗುತ್ತೀರಿ. ನಕ್ಕುಬಿಡಿ.

ಅಣ್ಣನ ಮಗಳು ಚಿನ್ಮಯಿ ಲಕ್ಷ್ಮೀಪುರಂನ ನಮ್ಮ ಅಂಗಳದಲ್ಲಿ ಕ್ರಿಕೆಟ್ ಆಡುತ್ತಲೇ ಬೆಳೆದವಳು. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತ ಅಮ್ಮನೇ ಅಂಪೈರ್. "ಬ್ಯಾಟ್ ಚಾಚೇ, ಗೆರೆ ಮುಟ್ಸೇ!" ಎಂದು ಅವರು ಕೂಗಿದರೆ ಬೀದಿಯ ನಾಯಿಗಳೂ ಓಡುತ್ತಿದ್ದವು. ನನ್ನ ನೆನಪಾಗುತ್ತಿದ್ದುದು ಚೆಂಡು ಚರಂಡಿಗೆ ಬಿದ್ದಾಗ ಮಾತ್ರ.

ಕಾಲೇಜು ಸೇರಿದ ಮೇಲೆ ಹುಡುಗಿ ಬೇಸ್‌ಬಾಲ್ ಹಿಡಿದಳು. ಹೊಡೆತವೇನೋ ಭರ್ಜರಿ. ಕಿರಿಯರ ಅಂತರರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ತಂಡ ಆರಿಸುವ ಶಿಬಿರಕ್ಕೂ ಕರೆ ಬಂತು. ಆ ಆಟದಲ್ಲಿ ಹೊಡೆದ ಕೂಡಲೇ ಬ್ಯಾಟು ಬಿಸಾಕಿ ಓಡಬೇಕು, ನೆಲಕ್ಕೆ ಹಾಸಿದ ಬೇಸ್ ಎಂಬ ಚೌಕದ ಮೆತ್ತೆಯನ್ನು ಕಾಲಿನಿಂದ ಮುಟ್ಟಬೇಕು. ಇವಳೋ ಬ್ಯಾಟು ಹಿಡಿದೇ ಓಡಿ, ಅದನ್ನೇ ಚಾಚಿ ಬೇಸ್ ಮುಟ್ಟಿಸಿ, ಗೆದ್ದವಳಂತೆ ನಿಂತುಬಿಟ್ಟಳಂತೆ. ಔಟ್! ಮರುದಿನವೂ ಅದೇ ಕಥೆ. ಭಾನುವಾರದ ಪಂದ್ಯದಲ್ಲಿ ಮತ್ತೆ ಹೀಗಾದರೆ ತಂಡದಲ್ಲಿ ಜಾಗವಿಲ್ಲ ಎಂದರು ಕೋಚ್.

ಮನೆಗೆ ಬಂದು ಅತ್ತಳು. "ಕೈ ಬಿಡೋದೇ ಇಲ್ಲ ಅನ್ನತ್ತೆ ಅಜ್ಜಿ, ನಾನೇನ್ ಮಾಡ್ಲಿ?"

ನಾನು ಏಕಾಗ್ರತೆಯ ಬಗ್ಗೆ ಉಪನ್ಯಾಸ ಶುರುಮಾಡಿದೆ.

"ನೀನು ಸುಮ್ನಿರೋ" ಎಂದು ಅಮ್ಮ ಹಿಟ್ಟಿನ ಕೈಯಲ್ಲೇ ಎದ್ದರು. "ಕಲಿಸಿದ್ದು ನಾನು, ಮರೆಸೋದೂ ನಾನೇ. ತಗೋಳೇ ಲಟ್ಟಣಿಗೆ. ಬಿಸಾಕಿ ಗೇಟಿಗೆ ಓಡು, ಕಾಲಲ್ಲಿ ಮುಟ್ಟು. ಲಟ್ಟಣಿಗೆ ಕೈಲೇ ಇದ್ರೆ ಕೋಡುಬಳೆ ಇಲ್ಲ ಕಣೇ!"

ಭಾನುವಾರದವರೆಗೂ ಅಂಗಳದಲ್ಲಿ ಧಡ್, ಧಡ್. ಒಮ್ಮೆ ನನ್ನ ಮೊಣಕಾಲಿಗೂ ಬಿತ್ತು. "ಅಡ್ಡ ಯಾಕೋ ನಿಂತ್ಕೊಂಡೆ?" ಎಂದು ಬೈಸಿಕೊಂಡವನೂ ನಾನೇ. ಲಟ್ಟಣಿಗೆ ಸೀಳು ಬಿಟ್ಟಿತು, ಹುಡುಗಿ ಆಯ್ಕೆಯಾದಳು.

ಕಳೆದ ವಾರ ಪರದೇಶದ ಆ ಪಂದ್ಯವನ್ನು ಮೊಬೈಲಿನಲ್ಲಿ ನೋಡಿದೆವು. ಚಿನ್ಮಯಿ ಹೊಡೆದಳು. "ಬಿಟ್ಬುಡೇ! ಬ್ಯಾಟ್ ಬಿಟ್ಬುಡೇ!" ಎಂದು ಅಮ್ಮ ಫೋನಿಗೇ ಕೂಗಿದರು. ಬ್ಯಾಟು ಅತ್ತ ಬಿತ್ತು, ಕಾಲು ಇತ್ತ ಬೇಸ್ ಮುಟ್ಟಿತು. ತಂಡ ಸೋತಿತು, ಅದು ಬೇರೆ ಮಾತು. ಅಮ್ಮ ಅಕ್ಕಪಕ್ಕದವರಿಗೆಲ್ಲ ಸಕ್ಕರೆ ಹಂಚಿದರು. ಸುಳ್ಳೇಕೆ ಹೇಳಲಿ, ಸಕ್ಕರೆ ಡಬ್ಬಿ ಹಿಡಿದು ಅವರ ಹಿಂದೆ ಮನೆಮನೆಗೂ ಹೋದವನು ನಾನೇ.

ಇದನ್ನೆಲ್ಲ ನೆನೆಯುತ್ತ ಎರಡನೇ ಚಪಾತಿಗೆ ಕಾಯುತ್ತಿದ್ದೆ. ಹೊರಗೆ ಆಟೋ ನಿಂತ ಸದ್ದು. "ಅಜ್ಜೀ!"

ಅಡುಗೆಮನೆಯಲ್ಲಿ ಧಡ್ ಎಂದಿತು. ಮಂಡಿನೋವೆಂದು ಬೀದಿ ಕೊನೆಯ ಗುಡಿಗೂ ಆಟೋ ಕೇಳುವ ನಮ್ಮಮ್ಮ, ಲಟ್ಟಣಿಗೆ ಬಿಸಾಕಿ, ಸೆರಗು ಸಿಕ್ಕಿಸಿ, ನನ್ನೆದುರೇ ಓಡಿದರು. ಮೊದಲು ಕಾಲಿನಿಂದ ಗೇಟು ಮುಟ್ಟಿದರು. ಮೊಮ್ಮಗಳನ್ನು ಅಪ್ಪಿಕೊಂಡದ್ದು ಆಮೇಲೆ.

ಒಲೆಯ ಮೇಲಿನ ಚಪಾತಿ ಸೀದುಹೋಗಿತ್ತು. ಅದನ್ನೇ ಹಾಕಿಕೊಂಡು ತಿಂದೆ.